ಹನ್ನೊಂದು ಸಲ ಮನೆಗೆ ಮರಳಿದ ಶವಪೆಟ್ಟಿಗೆಯ ವಿಚಾರವಾಗಿ

ಮಾನ್ಯರೇ, ಚಲನಚಿತ್ರ ನಿರ್ದೇಶಕರಾದ ಕಾಮ್ರೇಡ್ ವೆರೇಸ್ಕೋವ್ ಅವರೇ,

ವೋಲ್ಗಾ ತೀರದ ನಮ್ಮ ಬೀದಿಯ ಸಮಸ್ತರ ಪರವಾಗಿ ತಮಗೂ ತಮ್ಮ ಕ್ಯಾಮರಾಕ್ಕೂ ವಸಂತದ ಶುಭಾಶಯಗಳು.

ಉಪ್ಪಿನ ವ್ಯಾಪಾರಿಯ ಮಗಳು ಮುದುಕನನ್ನು ಮದುವೆಯಾಗಲಾರದೆ ವಿಷ ಕುಡಿದು ಸಾಯುವ ಆ ಹಳೆಯ ದುರಂತ ನಾಟಕವನ್ನು ಚಿತ್ರ ಮಾಡಲು ಕಳೆದ ಶರತ್ಕಾಲದಲ್ಲಿ ಬಂದ ತಾವು, ಇಡೀ ಊರಿನಲ್ಲಿ ಇಷ್ಟು ದುಃಖ ಸುರಿಯುವ ಮನೆ ಇನ್ನೊಂದಿಲ್ಲವೆಂದು ನಮ್ಮದನ್ನೇ ಆರಿಸಿಕೊಂಡಿರಿ. ಆ ಗೌರವವನ್ನು ನಾವು ಮರೆತಿಲ್ಲ.

ನಮ್ಮ ಎರಡು ಸ್ಟೂಲುಗಳ ಮೇಲೆ ಶವಪೆಟ್ಟಿಗೆ ಇಟ್ಟು, ಅದರಲ್ಲಿ ಆ ಮಗಳ ಪಾತ್ರದ ನಟಿಯನ್ನು ಮಲಗಿಸಿದಿರಿ. ಪೆಟ್ಟಿಗೆ ಹೊಸ್ತಿಲು ದಾಟಿದ ಕೂಡಲೇ ನಾನು ಸ್ಟೂಲುಗಳನ್ನು ಬೋರಲು ಹಾಕಿ, ಬಕೆಟ್ ತಂದು ನೆಲ ತೊಳೆಯತೊಡಗಿದೆ. ಹೆಣ ಹೋದ ಮನೆಯಲ್ಲಿ ಇನ್ನೇನು ಮಾಡುತ್ತಾರೆ? ಬಕೆಟ್ ಸಮೇತ ನಾನು ಚಿತ್ರದೊಳಗೆ ಬಂದೆನಂತೆ, ಹಾಗಾಗಿ ಪೆಟ್ಟಿಗೆ ಒಳಗೆ ಮರಳಿತು. ತಮ್ಮ ಸಹಾಯಕಿ ಎಲ್ವೀರಾ ಬಹಳ ವಿನಯದಿಂದ, "ಅಜ್ಜೀ, ಯಾರೂ ಸತ್ತಿಲ್ಲ, ಬಕೆಟ್ ಕೆಳಗಿಡಿ" ಎಂದಳು. "ಸತ್ತಿಲ್ಲ ಅಂದ್ರೆ ಯಾಕಮ್ಮಾ ಹೊತ್ಕೊಂಡು ಹೋಗ್ತೀರಿ?" ಎಂದೆ. ಎರಡನೆಯ ಸಲವೂ ಕೈ ನನ್ನ ಮಾತು ಕೇಳಲಿಲ್ಲ, ಹತ್ತನೆಯ ಸಲವೂ ಕೇಳಲಿಲ್ಲ. ಒಟ್ಟು ಹನ್ನೊಂದು ಸಲ ಪೆಟ್ಟಿಗೆ ಮರಳಿತು. ನಮ್ಮ ನೆಲ ಅಷ್ಟು ಚೊಕ್ಕಟವಾಗಿದ್ದು ಅದೇ ಮೊದಲು.

ಹೊರಟ ಪೆಟ್ಟಿಗೆ ಮನೆಗೆ ಮರಳಿದರೆ ಇನ್ನೊಬ್ಬರನ್ನು ಕರೆದುಕೊಂಡೇ ಹೋಗುತ್ತದೆಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ನನ್ನ ಯಜಮಾನರಾದ ನಿಕಾನೋರ್ ಒಲೆಯ ಕಟ್ಟೆಯ ಮೇಲೆ ಕೂತು ಲೆಕ್ಕ ಹಿಡಿದಿದ್ದರು. ಆ ಸಂಜೆಯೇ ಒಗೆದ ಅಂಗಿ ತೊಟ್ಟು, "ಮನೇಲಿ ಇರೋದು ನಾವಿಬ್ರೇ. ನೀನು ನೆಲ ತೊಳೀಬೇಕಲ್ಲ, ಅದಕ್ಕೆ ನಾನೇ ಹೋಗ್ತೀನಿ" ಎಂದು ಮಲಗಿದವರು ಆರು ತಿಂಗಳಾದರೂ ಎದ್ದಿಲ್ಲ. ಸೂಪನ್ನೂ ಮಲಗಿಕೊಂಡೇ ಕುಡಿಯುತ್ತಾರೆ. ನಲವತ್ತೊಂದು ವರ್ಷ ಜೊತೆಗೆ ಬಾಳಿದ್ದೇವೆ, ಕಾಮ್ರೇಡ್. ನನಗೆ ಭಯವಾಗಿದೆ.

ಆದ್ದರಿಂದ, ಯಾರೂ ಸತ್ತಿಲ್ಲವೆಂದು ನಿಕಾನೋರ್ ಕಣ್ಣಾರೆ ನೋಡುವಂತೆ, ಆ ನಟಿಯನ್ನು ಉಸಿರಾಟ ಸಮೇತ ಒಂದು ಲೋಟ ಚಹಾಕ್ಕೆ ಕಳುಹಿಸಬೇಕೆಂದೂ, ಆಗದಿದ್ದರೆ ಬಾಕಿಯಿರುವ ಹನ್ನೊಂದು ಸಾವುಗಳನ್ನು ತಮ್ಮ ಕಲಾ ಸಮಿತಿಯ ಸದಸ್ಯರಿಗೆ ಹಿರಿತನದ ಪ್ರಕಾರ, ಪಂಚವಾರ್ಷಿಕ ಯೋಜನೆಯಂತೆ ಹಂಚಬೇಕೆಂದೂ ಬೇಡುತ್ತೇನೆ.

ಬಕೆಟ್ ಕೆಳಗಿಡದ, ತಮ್ಮ ವಿಶ್ವಾಸಿ,
ಅಗ್ರಫೇನಾ ತೀಖನೋವ್ನಾ

ತಾಜಾಕಲಂ: ಇದನ್ನು ಅಂಚೆಗೆ ಹಾಕುವ ಮುನ್ನ, ಶನಿವಾರ ನಮ್ಮ ಕ್ಲಬ್ಬಿಗೆ ತಮ್ಮ ಚಿತ್ರ ಬಂತು. ನಿಕಾನೋರರನ್ನು ನೆರೆಯವರು ಹಾಸಿಗೆ ಸಮೇತ ಹೊತ್ತು ತಂದರು. ದುರಂತ ಜನರಿಗೆ ಒಳ್ಳೆಯದಲ್ಲವೆಂದು ಸಮಿತಿ ತೀರ್ಮಾನಿಸಿತಂತೆ. ಹಾಗಾಗಿ ಚಿತ್ರದಲ್ಲಿ ಹುಡುಗಿ ವಿಷ ಚೆಲ್ಲಿ, ಹಾಡುತ್ತಾ, ಊರಿನ ಮಕ್ಕಳಿಗೆ ಪಾಠ ಹೇಳಲು ಹೊರಟುಹೋದಳು. ಪೆಟ್ಟಿಗೆಯೂ ಇಲ್ಲ, ನಮ್ಮ ಮನೆಯೂ ಇಲ್ಲ. ನಿಕಾನೋರ್ ಎದ್ದು ನಿಂತು, "ಅವಳೇ ಹೋಗ್ಲಿಲ್ಲ ಅಂದ್ಮೇಲೆ ನಾನ್ಯಾಕೆ ಹೋಗ್ಲಿ?" ಎಂದು ನಡೆದುಕೊಂಡೇ ಮನೆಗೆ ಹೋದರು. ತಾವು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಈಗ ಆಲೂಗಡ್ಡೆ ತುಂಬಿದ್ದಾರೆ. ಇಡೀ ಕ್ಲಬ್ಬಿನಲ್ಲಿ ಅತ್ತವಳು ನಾನೊಬ್ಬಳೇ. ದಯವಿಟ್ಟು ಇದನ್ನು ತಮ್ಮ ಕಲೆಯ ಖಾತೆಗೆ ಬರೆದುಕೊಳ್ಳಬೇಡಿ.