ಅಣ್ಣನ ಕೋಟಿನ ಎಡತೋಳು

ಟೈಲರ್ ಅಂಗಡಿಯಲ್ಲಿ ಕನ್ನಡಿ ಇರುವವರೆಗೆ ತಮಾಷೆಗೆ ಬರವಿಲ್ಲ. ಅಳತೆ ಕೊಡುವಾಗ ಎಲ್ಲರೂ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ, ಕೋಟು ಹಾಕುವ ದಿನ ಹೊರಗೆ ಬಿಡುತ್ತಾರೆ, ಆಮೇಲೆ ಬಂದು ನನಗೆ ಬೈಯುತ್ತಾರೆ. ಮಸ್ಕತ್ತಿನ ಹಮ್ರಿಯಾದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಈ ಬೈಗುಳ ತಿನ್ನುತ್ತಿದ್ದೇನೆ.

ನನ್ನದು ಹಳೆಯ ರೀತಿಯ ಕೋಟು. ರೆಡಿಮೇಡಿನಲ್ಲಿ ಎದೆಯ ಭಾಗಕ್ಕೆ ಗಟ್ಟಿ ಬಟ್ಟೆಯನ್ನು ಅಂಟಿಸಿ ಇಸ್ತ್ರಿ ಒತ್ತಿದರೆ ಕೆಲಸ ಮುಗಿಯಿತು. ನಾನು ಉಣ್ಣೆಯ ಜತೆ ಕುದುರೆ ಬಾಲದ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸನ್ನು ಒಳಗೆ ಕೊಟ್ಟು, ಸಾವಿರಾರು ಸಣ್ಣ ಓರೆ ಹೊಲಿಗೆ ಹಾಕಿ ಕೈಯಲ್ಲೇ ಕೂರಿಸುತ್ತೇನೆ. ಹಾಕುತ್ತ ಹಾಕುತ್ತ ಆ ಕೋಟು ಹಾಕಿದವನ ಎದೆಯ ಆಕಾರಕ್ಕೆ ಬರುತ್ತದೆ. ಇದಕ್ಕೆ ಮೂರು ಟ್ರಯಲ್ ಬೇಕು, ಗಿರಾಕಿಗೆ ತಾಳ್ಮೆ ಬೇಕು. ಅಂಥ ತಾಳ್ಮೆ ಇದ್ದ ಗಿರಾಕಿ ನನಗೆ ಸಿಕ್ಕಿದ್ದು ಒಬ್ಬನೇ, ನನ್ನ ಸ್ವಂತ ಅಣ್ಣ. ಅವನಿಗೆ ಅಷ್ಟು ತಾಳ್ಮೆ ಇಲ್ಲದಿದ್ದರೆ ನಾನು ಈಗ ಹೇಳಹೊರಟಿರುವ ಮಾನಗೇಡು ಆಗುತ್ತಲೇ ಇರಲಿಲ್ಲ.

ಅಣ್ಣ ಹತ್ತಿರದ ದಾರ್ಸೈಟ್‌ನಲ್ಲಿದ್ದ, ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಉಡುಪಿ ಕಡೆಯ ಹಳ್ಳಿಯಿಂದ ನನ್ನನ್ನು ಇಲ್ಲಿಗೆ ಕರೆಸಿದವನು ಅವನೇ. ಬಂದ ಮೊದಲ ವಾರವೇ ಮಾತು ಕೊಟ್ಟೆ. "ನಿನಗೊಂದು ಕೋಟು ಹೊಲೀತೇನೆ, ಮಗಳ ಮದುವೆಗೆ ಹಾಕ್ಲಿಕ್ಕೆ." ಆಗ ಅವನ ಮಗಳಿಗೆ ನಾಲ್ಕು ವರ್ಷ. ಇಷ್ಟು ದೂರದ ಗಡುವು ಪ್ರಪಂಚದಲ್ಲಿ ಇನ್ಯಾವ ಟೈಲರನಿಗೂ ಸಿಕ್ಕಿರಲಿಕ್ಕಿಲ್ಲ.

ಕುದುರೆಯ ಬೇಸರ

ಇಬ್ರಾ ಎಂಬ ಊರಿನಿಂದ ಒಬ್ಬ ಒಮಾನಿ ಹಿರಿಯರು ಬರುತ್ತಿದ್ದರು. ಚಳಿಗಾಲದಲ್ಲಿ ದಿಶ್ದಾಶದ, ಅಂದರೆ ಅವರ ಉದ್ದ ನಿಲುವಂಗಿಯ, ಮೇಲೆ ಹಾಕಿಕೊಳ್ಳಲು ಅವರಿಗೆ ಕೋಟು ಬೇಕಿತ್ತು. ನಾನು ದೊಡ್ಡಸ್ತಿಕೆಯಿಂದ ಕ್ಯಾನ್ವಾಸ್ ತೋರಿಸಿ, "ಇದರಲ್ಲಿ ಕುದುರೆ ಕೂದಲಿದೆ, ಬಾಬಾ" ಎಂದು ಹಿಂದಿಯಲ್ಲಿ ಹೇಳಿದೆ. ಅವರ ಮುಖ ಗಂಭೀರವಾಯಿತು.

"ಯಾವ ಕುದುರೆ?"

"ಅದು ಗೊತ್ತಿಲ್ಲ."

"ತಂದೆ ಯಾರು, ತಾಯಿ ಯಾರು?"

ಟೈಲರನಿಗೆ ಕುದುರೆಯ ವಂಶಾವಳಿ ಎಲ್ಲಿಂದ ಗೊತ್ತಿರಬೇಕು? ಪರಿಚಯವಿಲ್ಲದ ಕುದುರೆಯನ್ನು ಎದೆಯ ಮೇಲೆ ಇಟ್ಟುಕೊಳ್ಳುವುದು ಹೇಗೆ ಎಂದು ಅವರು ಎದ್ದು ಹೋದರು. ಮರುವಾರ ಪ್ಲಾಸ್ಟಿಕ್ ಚೀಲದಲ್ಲಿ ತಮ್ಮದೇ ಹೆಣ್ಣು ಕುದುರೆಯ ಬಾಲದ ಕೂದಲನ್ನು ತೊಳೆದು, ಬಾಚಿ, ರಬ್ಬರ್ ಬ್ಯಾಂಡ್ ಹಾಕಿ ತಂದರು. ಕ್ಯಾನ್ವಾಸ್ ನೇಯುವ ವಿದ್ಯೆ ನನಗಿಲ್ಲ. ಒಂದು ಹಿಡಿ ಕೂದಲನ್ನು ಲೈನಿಂಗ್ ಒಳಗೆ, ಎಡಎದೆಯ ಹತ್ತಿರ ಹೊಲಿದುಕೊಟ್ಟೆ. ಅವರ ಕಣ್ಣಲ್ಲಿ ನೀರು ಬಂತು.

ಒಂದು ತಿಂಗಳಿಗೆ ಫೋನು. "ಮಾಸ್ಟರ್, ಯಲ್ಲಾ, ಬೇಗ ಇನ್ನೊಂದು ಕೋಟು ಬೇಕು. ನನ್ನ ಎರಡನೇ ಕುದುರೆಗೆ ಬೇಸರವಾಗಿದೆ."

ಆಗ ಮೇಜಿನ ಮೇಲಿದ್ದದ್ದು ಅಣ್ಣನ ಕೋಟು. ಅದನ್ನು ಎತ್ತಿ ಮೊಳೆಗೆ ನೇತುಹಾಕಿ ಕುದುರೆಯ ಬೇಸರ ಕಳೆಯಲು ಕೂತೆ.

ಬಿಳಿ ನೂಲು

ಟ್ರಯಲ್‌ಗೆ ಕೋಟನ್ನು ಬಿಳಿ ನೂಲಿನ ಉದ್ದುದ್ದ ಕಚ್ಚಾ ಹೊಲಿಗೆಯಿಂದ ಜೋಡಿಸಿರುತ್ತೇವೆ. ಪಕ್ಕಾ ಹೊಲಿಗೆ ಬಿದ್ದ ಮೇಲೆ ಅದನ್ನು ಕಿತ್ತು ತೆಗೆಯುವುದು. ನಮ್ಮ ಕಡೆಯ ಒಬ್ಬ ಮ್ಯಾನೇಜರು ಇಂಥ ಕಪ್ಪು ಕೋಟನ್ನು ಹಾಕಿ ಕನ್ನಡಿ ನೋಡುತ್ತಿದ್ದಾಗ ಆಫೀಸಿನಿಂದ ಮೀಟಿಂಗಿಗೆ ಕರೆದು ಫೋನು ಬಂತು. ಮಾತಾಡುತ್ತ ಹೊರಗೆ ಹೋದವರು ಹಾಗೇ ಕಾರು ಹತ್ತಿದರು. ನಾನು ಕತ್ತರಿ ಹಿಡಿದುಕೊಂಡೇ ಬೀದಿಯಲ್ಲಿ ಹಿಂದೆ ಓಡಿದೆ. ಕೈಯಲ್ಲಿ ಕತ್ತರಿ ಕಂಡು ಅವರು ಕಾರನ್ನು ಇನ್ನೂ ಜೋರು ಬಿಟ್ಟರು.

ಕೋಟು ಮೀಟಿಂಗಿನಲ್ಲಿ ಕಳಚಿ ಬಿದ್ದಿರುತ್ತದೆ ಎಂದು ನಾನು ಬೆವರುತ್ತ ಕೂತಿದ್ದೆ. ಸಂಜೆ ನಗುತ್ತ ಬಂದರು.

"ಎಂತ ಡಿಸೈನ್ ಮಾರ್ರೆ! ಎಲ್ಲರೂ ಕೇಳಿದ್ರು, ಲಂಡನ್ನಿನದ್ದಾ ಅಂತ. ಆ ಬಿಳಿ ಗೆರೆ ತೆಗೀಬೇಡಿ ಆಯ್ತಾ?"

"ಸರ್, ಅದು ಡಿಸೈನ್ ಅಲ್ಲ, ಇನ್ನೂ ಮುಗೀಲಿಲ್ಲ."

"ಮುಗಿಸ್ಲೇಬೇಡಿ!"

ಕೊನೆಗೆ ಪಕ್ಕಾ ಹೊಲಿಗೆ ಹಾಕಿ, ಕಚ್ಚಾ ನೂಲು ಕಿತ್ತು, ಅದರ ಮೇಲೆ ಮತ್ತೆ ಹೊಸದಾಗಿ ಕಚ್ಚಾ ನೂಲು ಹಾಕಿಕೊಟ್ಟೆ. ಮರುವಾರ ಅವರ ಆಫೀಸಿನಿಂದ ಇಬ್ಬರು ಅದೇ ಡಿಸೈನ್ ಕೇಳಿಕೊಂಡು ಬಂದರು. ಅವರಲ್ಲೊಬ್ಬ ಡೆಲಿವರಿ ದಿನ ಜಗಳ ತೆಗೆದ: ಮ್ಯಾನೇಜರರ ಕೋಟಿನಲ್ಲಿ ಬಿಳಿ ನೂಲು ಜಾಸ್ತಿ ಉಂಟು, ನನಗೆ ಮಾತ್ರ ಕಂಜೂಸಿ ಮಾಡಿದ್ದೀರಿ!

ಶುಕ್ರವಾರದ ಟ್ರಯಲ್

ಅಣ್ಣ ಶುಕ್ರವಾರ ಇಗರ್ಜಿ ಮುಗಿಸಿ ನೇರ ಅಂಗಡಿಗೆ ಬರುತ್ತಿದ್ದ. ಮೊಳೆಯಿಂದ ಕೋಟು ಇಳಿಸಿ, ಧೂಳು ಕೊಡವಿ, ತಾನೇ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ನಾನು ಬೇರೆ ಯಾರದೋ ಕಾಲರಿಗೆ ಸೂಜಿ ಹಾಕುತ್ತ, "ಮುಂದಿನ ವಾರ ನೋಡುವ" ಎನ್ನುತ್ತಿದ್ದೆ. ಅವನು ಕಳಚಿ ಮೊಳೆಗೆ ಹಾಕಿ, ಚಹಾ ತರಿಸಿ, ನನ್ನ ಜತೆ ಕುಡಿದು ಹೋಗುತ್ತಿದ್ದ. ಒಮ್ಮೆಯೂ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವ ಗಿರಾಕಿಯ ಕೋಟು ಮೊದಲು ಮುಗಿಯುತ್ತದೆ. ಎಲ್ಲ ಟೈಲರರಿಗೂ ಗೊತ್ತಿರುವ ಗುಟ್ಟು ಇದು. ಅದನ್ನು ನಾನು ಅವನಿಗೆ ಹೇಳಿಕೊಡಬೇಕಿತ್ತು.

ಈ ನಡುವೆ ಅವನ ಹೊಟ್ಟೆ ಬೆಳೆಯಿತು. ಪಕ್ಕದ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಹಿಡಿದು, ಡಾಕ್ಟರು ಅನ್ನ ಬಿಡಿಸಿ, ಇಳಿದುಹೋದ. ನಾನು ರೇಗಿದೆ. "ಒಂದು ಸೈಜಿನಲ್ಲಿ ನಿಲ್ಲು ಮಾರಾಯ! ಹೀಗಾದ್ರೆ ಹೊಲಿಯುದು ಹೇಗೆ?"

ಹದಿನೆಂಟು ವರ್ಷ ತಡಮಾಡಿದವನು ನಾನು, ಕ್ಷಮೆ ಕೇಳಿದವನು ಅವನು. ಎರಡು ವಾರ ಬಿಟ್ಟು ಡಾಕ್ಟರು ಬೈದರಂತೆ, ತೂಕ ಮತ್ತೆ ಯಾಕೆ ಏರಿದೆ ಎಂದು. ಅಣ್ಣ ಹೇಳಿದ್ದು: "ಟೈಲರನ ಆರ್ಡರ್, ಡಾಕ್ಟ್ರೇ."

ಬೀಳ್ಕೊಡುಗೆ

ಕಳೆದ ವರ್ಷ ಅಣ್ಣನ ಕೆಲಸ ಖಲಾಸ್ ಆಯಿತು. ಊರಿಗೆ ಹೊರಡುವ ಮುಂಚೆ ನಮ್ಮ ಕಡೆಯವರೆಲ್ಲ ಸೇರಿ ಒಂದು ಸಣ್ಣ ಸಭೆ ಮಾಡಿದರು. ಆ ಬೆಳಿಗ್ಗೆ ಅಣ್ಣ ಅಂಗಡಿಗೆ ಬಂದು ತಾನೇ ಕೋಟು ಇಳಿಸಿದ. ಎದೆ, ಕಾಲರ್, ಬಲತೋಳು ಪಕ್ಕಾ ಆಗಿದ್ದವು. ಎಡತೋಳು ಇನ್ನೂ ಕಚ್ಚಾ ನೂಲಿನಲ್ಲೇ ಇತ್ತು.

"ಕೈ ಎತ್ತಬೇಡ," ಎಂದೆ.

"ನಾನೆಂತ ಭಾಷಣ ಮಾಡ್ಲಿಕ್ಕುಂಟಾ?" ಎಂದ.

ಅವನು ಎತ್ತಲಿಲ್ಲ. ಹಾರ ಹಾಕಿದ ಹಳೆಯ ಗೆಳೆಯನೊಬ್ಬ ಉತ್ಸಾಹದಲ್ಲಿ ಅವನ ಎಡಗೈ ಹಿಡಿದು ಮೇಲಕ್ಕೆ ಎಳೆದ. ಪರ್ ಎಂದಿತು. ತೋಳು ಪೂರ್ತಿ ಗೆಳೆಯನ ಕೈಗೆ ಬಂತು. ನಾನು ಹಿಂದಿನ ಸಾಲಿನಲ್ಲಿ ಕುರ್ಚಿಯ ಕೆಳಗೆ ಜಾಗ ಹುಡುಕುತ್ತಿದ್ದೆ. ಅಣ್ಣ ಮೈಕ್ ಹಿಡಿದ.

"ನನ್ನನ್ನು ಬಿಟ್ಟುಕೊಡ್ಲಿಕ್ಕೆ ಇವರಿಗೆ ಮನಸ್ಸಿಲ್ಲ. ಒಂದು ತೋಳಾದ್ರೂ ಇಟ್ಟುಕೊಳ್ತಾರಂತೆ, ಇರ್ಲಿ ಬಿಡಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಮುರಿದ ಕೈ

ಅಣ್ಣ ಕೋಟನ್ನು ಊರಿಗೆ ಕೊಂಡುಹೋದ, ತೋಳನ್ನು ನನ್ನ ಹತ್ತಿರವೇ ಬಿಟ್ಟ. "ಮಗಳ ಮದುವೆಗೆ ನೀನೇ ಬಂದು ಹೊಲಿದು ಕೊಡು. ತೋಳು ಮಾತ್ರ ಪಾರ್ಸೆಲ್ ಮಾಡಿದ್ರೆ ವಾಪಸ್ ಕಳಿಸ್ತೇನೆ, ಗೊತ್ತಾಯ್ತಾ?"

ಅಂದಿನಿಂದ ಮೊಳೆಯಲ್ಲಿ ತೋಳೊಂದೇ ನೇತಾಡುತ್ತಿತ್ತು. ಮದುವೆಯ ದಿನ ನಿಗದಿಯಾಯಿತು, ಟಿಕೆಟ್ ಮಾಡಿದೆ. ಹೊರಡಲು ನಾಲ್ಕು ದಿನ ಇರುವಾಗ ನನ್ನ ಕಫೀಲ್, ಅಂದರೆ ವೀಸಾ ಕೊಟ್ಟ ಒಮಾನಿ ಯಜಮಾನರು, ಬಂದು, ಮಗ ವಿದೇಶಕ್ಕೆ ಹೋಗುತ್ತಾನೆ, ವಾರದೊಳಗೆ ಮೂರು ಕೋಟು ಬೇಕು ಎಂದರು. ಒಳ್ಳೆಯ ಮನುಷ್ಯ. "ಅಣ್ಣನ ಮಗಳ ಮದುವೆ" ಎಂದಿದ್ದರೆ ಅವರೇ ಏರ್‌ಪೋರ್ಟಿಗೆ ಬಿಡುತ್ತಿದ್ದರು. ನಾನು ಹೇಳಲೇ ಇಲ್ಲ. ಅಣ್ಣ ಕಾಯುತ್ತಾನೆ ಎಂಬುದು ನನಗೆ ಅಷ್ಟು ಅಭ್ಯಾಸವಾಗಿ ಹೋಗಿತ್ತು. ಟಿಕೆಟ್ ಕ್ಯಾನ್ಸಲ್ ಮಾಡಿ, ಫೋನಿನಲ್ಲಿ ಹೇಳಿದೆ. "ಆಯ್ತು, ಕೆಲಸ ನೋಡು," ಎಂದ.

ಮದುವೆಯ ಮರುದಿನ ಊರಿನಿಂದ ಚಿಕ್ಕಮ್ಮನ ಫೋನು. "ನೀನು ಮನುಷ್ಯನಾ? ಅಣ್ಣನ ಕೈ ಮುರಿದಿದೆ, ಆದ್ರೂ ಬರ್ಲಿಲ್ಲ!" ಅವಳು ಇಡುವಷ್ಟರಲ್ಲಿ ಭಾವನ ಫೋನು. ಆಮೇಲೆ ಊರಿನ ಪಾದ್ರಿಯವರೇ ಮಾಡಿ, ಕರುಣೆಯ ಬಗ್ಗೆ ಸಣ್ಣ ಉಪದೇಶ ಕೊಟ್ಟರು. ಅಷ್ಟರಲ್ಲಿ ಯಾರೋ ಫೋಟೊ ಕಳಿಸಿದರು. ಮದುಮಗಳ ಪಕ್ಕ ಅಣ್ಣ, ನಾನು ಹೊಲಿದ ಕೋಟಿನಲ್ಲಿ. ಎದೆ ಚೆನ್ನಾಗಿ ಕೂತಿತ್ತು, ಒಂದು ಸುಕ್ಕಿಲ್ಲ. ಎಡಗೈಗೆ ಬೆರಳಿನಿಂದ ಭುಜದವರೆಗೆ ಬ್ಯಾಂಡೇಜು. ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯಲ್ಲಿ ಕೈಯನ್ನು ತೂಗುಹಾಕಿದ್ದ.

ಕೂಡಲೇ ಅಣ್ಣನಿಗೆ ಫೋನು ಮಾಡಿದೆ. "ಅಣ್ಣ, ಕೈಗೆ ಎಂತಾಯ್ತು?"

"ಕೈಗೆ ಎಂತಾಗ್ತದೆ? ಗಟ್ಟಿ ಉಂಟು."

"ಮತ್ತೆ ಆ ಬ್ಯಾಂಡೇಜು?"

"ಹೆಂಡತಿ ಕಟ್ಟಿದ್ದು. ತೋಳು ಯಾಕಿಲ್ಲ ಅಂತ ಒಬ್ಬನೂ ಕೇಳ್ಲಿಲ್ಲ ನೋಡು. ಬ್ಯಾಂಡೇಜಿಗಾಗಿ ತೆಗೆದದ್ದು ಅಂತ ತಿಳ್ಕೊಂಡ್ರು."

"ಬೇರೆ ಕೋಟು ಹಾಕಬಾರ್ದಿತ್ತಾ?"

"ನನ್ನ ತಮ್ಮ ಕೋಟಿನ ಮಾಸ್ಟರ್ ಅಂತ ಇಪ್ಪತ್ತು ವರ್ಷದಿಂದ ಊರಿಡೀ ಹೇಳಿದ್ದೇನೆ ಮಾರಾಯ. ಅಂಗಡಿಯ ಕೋಟು ಹಾಕಿದ್ರೆ ನಿನ್ನ ಮರ್ಯಾದೆ ಹೋಗ್ತದೆ. ತೋಳಿಲ್ಲದ್ದು ಹಾಕಿದ್ರೂ ನಿನ್ನದೇ ಹೋಗ್ತದೆ. ಕೈ ಮುರಿದ್ರೆ ಯಾರದ್ದೂ ಹೋಗುದಿಲ್ಲ."

ನನ್ನ ಮೇಜಿನ ಮೇಲೆ ಕಫೀಲರ ಮಗನ ಮೂರನೇ ಕೋಟು ಇತ್ತು, ಎರಡೂ ತೋಳು ಸಮೇತ. ಅದರ ಮೇಲೆ ತಲೆಯಿಟ್ಟು ಅತ್ತೆ. ಆ ಕಡೆ ಅಣ್ಣನಿಗೆ ಅದು ಕೇಳಿಸಿತು.

"ಅಳಬೇಡ, ಕೇಳು," ಎಂದ. "ಆರು ವಾರದಲ್ಲಿ ಕೈ ಸರಿಯಾಗ್ತದೆ ಅಂತ ಎಲ್ಲರಿಗೂ ಹೇಳಿದ್ದೇನೆ. ಅಷ್ಟರೊಳಗೆ ತೋಳು ಹಿಡ್ಕೊಂಡು ಬಾ. ಈ ಬ್ಯಾಂಡೇಜು ಭಯಂಕರ ತುರಿಸ್ತದೆ ಮಾರಾಯ!"