ಎಪ್ಪತ್ತೆಂಟನೇ ಪಲ್ಟನ್ ಎಲ್ಲಿದೆ?

ಸಿಪಾಯಿ ಜಹಾಂದಾದ್ ಖಾನ್ ತಂಗಿಯ ಮದುವೆಯಲ್ಲಿ ಜಿಲೇಬಿ ತಿನ್ನುತ್ತಿದ್ದಾಗ ಬ್ರಿಟಿಷ್ ಸರ್ಕಾರ ಅವನ ಪಲ್ಟನ್ನಿನ ಹೆಸರು ಬದಲಾಯಿಸಿಬಿಟ್ಟಿತ್ತು. ಅವನಿಗೆ ಇದು ತಿಳಿದದ್ದು ರಜೆ ಮುಗಿದು ಝೇಲಂ ದಂಡಿನ ಗೇಟಿಗೆ ಬಂದಾಗ. ಹೊತ್ತು ಮುಳುಗುವುದರೊಳಗೆ ಹಾಜರಾಗದಿದ್ದರೆ ಓಡಿಹೋದವನೆಂದು ಹಿಡಿದು ಹಾಕುತ್ತಾರೆ.

“ಎಪ್ಪತ್ತೆಂಟನೇ ಪಂಜಾಬಿಯಾ? ಅಂಥದ್ದು ಯಾವುದೂ ಇಲ್ಲ,” ಎಂದ ಕಾವಲಿನವ.

“ಹೋದ ತಿಂಗಳು ಇಲ್ಲೇ ಇತ್ತಲ್ಲಣ್ಣ! ಅಷ್ಟು ಜನ, ಹೇಸರಗತ್ತೆ ಬೇರೆ!”

“ನಿಮ್ಮ ಬ್ಯಾರಕ್ ಲೈನಲ್ಲಿ ಈಗ ಡೋಗ್ರಾ ಪಲ್ಟನ್ನಿನವರಿದ್ದಾರೆ. ಎಲ್ಲಾ ಪಲ್ಟನ್ನೂ ಕಲಸಿ ಹೊಸದಾಗಿ ಉಂಡೆ ಕಟ್ಟಿದ್ದಾರಪ್ಪ. ನಿಮ್ಮದು ಇಪ್ಪತ್ತೊಂದನೇ ರೆಜಿಮೆಂಟಿನ ಐದನೇ ಪಲ್ಟನ್ ಇರಬೇಕು. ಇಲ್ಲಾ ಐದನೇದರ ಇಪ್ಪತ್ತೊಂದು. ಆ ಗೇಟಲ್ಲಿ ಕೇಳು. ಕೈಲಿರೋ ಡಬ್ಬೀಲೇನು, ಮದುವೆ ಮನೆ ಪಿನ್ನಿ ಉಂಡೆನಾ?”

ಆ ಗೇಟಿನವನೂ ಎರಡು ಪಿನ್ನಿ ತಿಂದು ಅವನನ್ನು ಈ ಗೇಟಿಗೇ ಅಟ್ಟಿದ. ಸಿಖ್ಖರ ಪಲ್ಟನ್ನಿನವರು ಮೊದಲು ಗಡ್ಡ ಬಿಟ್ಟುಕೊಂಡು ಬಾ ಎಂದು ನಕ್ಕರು. ಬೇರೆ ಯಾರದೋ ಮದುವೆಮನೆಗೆ ನುಗ್ಗಿದ ನೆಂಟನ ಹಾಗೆ ಜಹಾಂದಾದ್ ದಂಡೆಲ್ಲಾ ಸುತ್ತಿದ.

ಹಾಲಿನಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಪಿಂಚಣಿ ಹವಾಲ್ದಾರ್ ಬೂಟಾ ಸಿಂಗ್ ಅವನ ತೋಳು ಹಿಡಿದೆಳೆದ.

“ನಂಬರ್ ಬಿಡೋ ಮಗನೇ, ವಂಶ ಹಿಡಿ. ನಿಮ್ಮ ಬಾವುಟದ ಮೇಲೆ ಗೆದ್ದ ಯುದ್ಧ ಅಂತ ಯಾವುದನ್ನ ಬರೆದಿದೆ?”

“ಶ್ರೀರಂಗಪಟ್ಟಣ, ಚಾಚಾ.”

“ಎಲ್ಲಿದೆ ಅದು?”

“ಯಾರಿಗೆ ಗೊತ್ತು? ನಮ್ಮ ಕಡೆಯವರು ಯಾರೂ ನೋಡಿಲ್ಲ.”

“ಮತ್ತೆ! ನಿಮ್ಮದು ಹುಟ್ಟಾ ಮದ್ರಾಸ್ ಪಲ್ಟನ್ ಕಣೋ. ಟಿಪ್ಪುವಿನ ಕಾಲದಲ್ಲಿ ಹದಿನೆಂಟನೇದು. ಆಮೇಲೆ ಮದ್ರಾಸಿಗಳನ್ನ ಮನೆಗೆ ಕಳಿಸಿ ನಮ್ಮವರನ್ನ ತುಂಬಿದರು. ನಂಬರಿಗೆ ಅರವತ್ತು ಕೂಡಿಸಿದರು. ಹಳೇದು ಅಂತ ಉಳಿದದ್ದು ಡೋಲು ಒಂದೇ.”

“ಅದೆಲ್ಲಾ ಸರಿ ಚಾಚಾ, ನಾನೀಗ ಎಲ್ಲಿ ಹಾಜರಾಗ್ಲಿ?”

ಬೂಟಾ ಸಿಂಗ್ ಗಡ್ಡ ನೀವಿಕೊಂಡು ಯೋಚಿಸಿದ. “ಮದ್ರಾಸ್ ಕಡೆ ರೈಲು ನಾಳೆ ಬೆಳಿಗ್ಗೆ.”

ಅಷ್ಟರಲ್ಲಿ ಸಂಜೆಯ ಬಿಗುಲು ಮೊಳಗಿತು. ಗಸ್ತಿನ ಹವಾಲ್ದಾರ ಬಂದು ಕೊರಳಪಟ್ಟಿಗೆ ಕೈಹಾಕಿದ.

“ಯಾವ ಪಲ್ಟನ್ನೋ?”

“ಹದಿನೆಂಟು, ಎಪ್ಪತ್ತೆಂಟು, ಇಪ್ಪತ್ತೊಂದರ ಐದು, ಐದರ ಇಪ್ಪತ್ತೊಂದು... ನಿಮಗೆ ಯಾವುದು ಸರಿ ಅನ್ಸುತ್ತೋ ಅದು, ಹುಜೂರ್!”

“ಓಡಿಹೋದವನೇ ಇವನು. ನಡಿ!”

ಲಾಕಪ್ಪಿನ ಬಾಗಿಲು ಹಿಂದೆ ಮುಚ್ಚಿಕೊಂಡಿತು. ಮಬ್ಬಿಗೆ ಕಣ್ಣು ಹೊಂದಿಕೊಂಡಾಗ ಜಹಾಂದಾದ್ ಬೆರಗಾದ. ಹುಲ್ಲಿನ ಮೇಲೆ ಒತ್ತೊತ್ತಾಗಿ ಕೂತಿದ್ದವರು ಅವನ ಪಲ್ಟನ್ನಿನವರೇ, ರಜೆಗೆ ಹೋಗಿದ್ದವರೆಲ್ಲ! ನಡುವೆ ಮೀಸೆ ತಿರುವುತ್ತಾ ಸುಬೇದಾರ್ ಮೆಹರ್ ಶಾ.

ಇಡೀ ದಿನದ ದುಗುಡ ಇಳಿದುಹೋಯಿತು. ಹಿಮ್ಮಡಿ ಬಡಿದು ಸಲಾಮು ಹೊಡೆದ.

“ಎಪ್ಪತ್ತೆಂಟನೇ ಪಂಜಾಬಿಯ ಸಿಪಾಯಿ ಜಹಾಂದಾದ್ ಖಾನ್, ಹಾಜರ್ ಹುಜೂರ್!”

ಸುಬೇದಾರರ ಮುಖ ಕೆಂಪಗಾಯಿತು.

“ನಾಚಿಕೆ ಆಗಲ್ವೇನೋ? ನಿನ್ನೆಯಿಂದ ಎಲ್ಲರೂ ಬಂದು ಕೂತಿದ್ದೀವಿ, ನಿನಗೊಬ್ಬನಿಗೆ ಪಲ್ಟನ್ ಸಿಗಲಿಲ್ಲವಾ? ತಡವಾಗಿ ಹಾಜರಾದದ್ದಕ್ಕೆ ಏಳು ದಿನ ಕೈದು!”