ಹಸಿವಿಗೆ ನಾನು ಕುಡಿಸಿದ ಕಷಾಯ

ಕರ್‌... ಕರ್‌... ಕರ್‌!

ಸೌಟು ಅನ್ನದ ಪಾತ್ರೆಯ ತಳ ಉಜ್ಜುವ ಸದ್ದು ಇದು. ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಡೊಮೆಸ್ಟಿಕ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಈ ಸದ್ದು ಕೇಳಿದರೆ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. "ಗರ್ಲ್ಸ್, ಪಾತ್ರೆಯ ತಳ ಊಟಕ್ಕೆ ಕೂತವರಿಗೆ ಕೇಳಿಸಬಾರದು. ಇಟ್ ಈಸ್ ಬ್ಯಾಡ್ ಪ್ಲ್ಯಾನಿಂಗ್!" ಎಂದು ಅವರ ಉಪದೇಶ. ಮದುವೆಯಾಗಿ ಮೂಡುಬಿದಿರೆಗೆ ಬಂದ ಮೇಲೂ ನಾನು ಅದನ್ನು ವೇದವಾಕ್ಯದ ಹಾಗೆ ಪಾಲಿಸಿದ್ದೆ. ಆದರೆ ಆ ಒಂದು ಮಳೆಗಾಲ ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಕರ್‌ ಎಂದರೆ ತಿಂಡಿ ಮುಗಿಯಿತು, ಕರ್‌ ಎಂದರೆ ಊಟ ಮುಗಿಯಿತು!

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಕ್ಕಳ ಬಾಯಿ ಎಂದು ಊರು ತಿಳಿದಿದೆ. ಅಲ್ಲ. ನನ್ನ ಬಾಯಿ!

ಮಗಳು ಸುಜಾತ, ಅಳಿಯ ಇಬ್ಬರೂ ಮಸ್ಕತ್‌ನಲ್ಲಿ. ಅವರ ಹುಡುಗರು ನಿಶಾನ್ ಮತ್ತು ನಿಖಿಲ್ ಪಿಯುಸಿಗೆ ಮೂಡುಬಿದಿರೆಗೆ ಬರುವುದೆಂದಾಯಿತು. "ಹಾಸ್ಟೆಲಿಗೆ ಹಾಕ್ತೇವಮ್ಮ" ಎಂದು ಮಗಳು ಫೋನಿನಲ್ಲಿ ಹೇಳಿದ್ದೇ ತಡ, ನನ್ನ ರಕ್ತ ಕುದಿಯಿತು.

"ಅಜ್ಜಿ ಇರುವ ಊರಲ್ಲಿ ಹಾಸ್ಟೆಲಾ? ಓವರ್ ಮೈ ಡೆಡ್ ಬಾಡಿ!"

"ಅಮ್ಮಾ, ಅವರು ಈಗ ತಿನ್ನುವುದು ಎಷ್ಟು ಅಂತ ನಿಂಗೆ ಅಂದಾಜಿಲ್ಲ. ಪಪ್ಪನ ಪೆನ್ಶನ್‌ನಲ್ಲಿ ಆಗ್ಲಿಕ್ಕಿಲ್ಲ. ನಾವು ಕಳಿಸಿದ್ರೆ ನೀನು ತಕೊಳ್ಳುವವಳೂ ಅಲ್ಲ."

"ಮೊಮ್ಮಕ್ಕಳಿಗೆ ಅನ್ನ ಹಾಕ್ಲಿಕ್ಕೆ ನನಗೆ ಸಂಬಳವಾ? ನೋಡು ಸುಜಾತ, ಇದು ಬಜೆಟ್‌ನ ಪ್ರಶ್ನೆ ಅಲ್ಲ. ಮ್ಯಾನೇಜ್‌ಮೆಂಟ್‌ನ ಪ್ರಶ್ನೆ."

"ಸರಿ. ಆಟಿ ತಿಂಗಳಲ್ಲಿ ರಜೆಗೆ ಬರ್ತೇನೆ, ಆಗ ನೋಡುವ. ನಿಮಗಿಬ್ಬರಿಗೆ ಕಷ್ಟ ಆಗ್ತಾ ಉಂಟು ಅಂತ ಕಂಡ್ರೆ ಅದೇ ದಿನ ಹಾಸ್ಟೆಲ್. ಓಕೆ?"

"ಡನ್!"

ಇವರು ಪೇಪರ್ ಕೆಳಗಿಳಿಸಿದರು. "ನೀನು ಡನ್ ಅಂದಾಗಲೆಲ್ಲ ನಾನು ಫಿನಿಶ್ ಆಗಿದ್ದೇನೆ ಮಾರಾಯ್ತಿ" ಎಂದು ಹೇಳಿ ಮತ್ತೆ ಮೇಲೆತ್ತಿದರು.

ಹುಡುಗರು ಬಂದ ಮೊದಲ ದಿನ ನೀರುದೋಸೆ. ತಲೆಗೆ ನಾಲ್ಕು, ಜೊತೆಗೆ ಚಟ್ನಿ, ಒಂದು ಬಾಳೆಹಣ್ಣು, ಬ್ಯಾಲೆನ್ಸ್‌ಡ್ ಡಯಟ್! ಕಾವಲಿಯಿಂದ ಎದ್ದ ದೋಸೆ ತಟ್ಟೆ ಮುಟ್ಟುವ ಮೊದಲೇ ಮಾಯವಾಗುತ್ತಿತ್ತು. ನಾನು ಎರೆಯುತ್ತಾ ಹೋದೆ, ಅವರು ಎತ್ತುತ್ತಾ ಹೋದರು. ಕೊನೆಗೆ ಹಿಟ್ಟಿನ ಪಾತ್ರೆ ತೊಳೆದ ನೀರನ್ನೂ ಕಾವಲಿಗೆ ಎರೆದೆ. ಅದೂ ದೋಸೆಯಾಯಿತು. ಅದೂ ಹೋಯಿತು.

"ತುಂಬಾ ಒಳ್ಳೇದುಂಟು ಅಜ್ಜಿ. ಆದ್ರೆ ತೆಳ್ಳಗಲ್ವಾ, ಹೊಟ್ಟೆಗೆ ಬಂದದ್ದೇ ಗೊತ್ತಾಗುವುದಿಲ್ಲ" ಎಂದ ನಿಶಾನ್.

ಇವರು ಚಹಕ್ಕೆ ರಸ್ಕ್ ಅದ್ದಿ ತಿಂದು ಎದ್ದರು.

ಪಕ್ಕದ ಮನೆಯ ಸೆವ್ರಿನ್ ಬಾಯಿ ಕಂಪೌಂಡಿನ ಆಚೆಯಿಂದ ಎಲ್ಲ ನೋಡುತ್ತಿದ್ದರು. ಅವರಿಗೆ ಟಿವಿಗಿಂತ ನಮ್ಮ ಅಡುಗೆಮನೆಯ ಕಿಟಕಿ ಇಷ್ಟ. "ವಾರಿಜಕ್ಕ, ನೀರು ಕುಡಿಸಿದ ಹಾಗೆ ದೋಸೆ ಕೊಟ್ರೆ ಹೀಗೇ. ಪುಂಡಿ ಮಾಡಿ ಹಾಕಿ. ಅಕ್ಕಿಯ ಉಂಡೆ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರ್ತದೆ!"

ಮಾಡಿದೆ. ಕ್ರಿಕೆಟ್ ಚೆಂಡಿನ ಗಾತ್ರದ ಪುಂಡಿ! ಹುಡುಗರು ಪಾತ್ರೆ ಖಾಲಿ ಮಾಡಿ, ನಿಜವಾದ ಕ್ರಿಕೆಟ್ ಆಡಲು ಹೋಗಿ, ಕಲ್ಲನ್ನು ಕರಗಿಸಿಕೊಂಡು, ಸಂಜೆಯ ಚಹಕ್ಕೆ ಮೊದಲೇ ವಾಪಸ್ ಬಂದರು. ಇಬ್ಬರೇ ಅಲ್ಲ.

"ಅಜ್ಜಿ, ಇವ ನನ್ನ ಫ್ರೆಂಡ್. ಹಾಸ್ಟೆಲಿನವ. ಪಾಪ, ಅಲ್ಲಿ ಊಟ ಅವನಿಗೆ ಸೇರುವುದಿಲ್ಲಂತೆ."

ಮರುದಿನ ಇನ್ನೊಬ್ಬ ಪಾಪ. ಅದರ ಮರುದಿನ ಮತ್ತೂ ಒಬ್ಬ. ಮೊಮ್ಮಕ್ಕಳನ್ನು ಹಾಸ್ಟೆಲಿಗೆ ಕಳಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವಳ ಮನೆಗೆ ಹಾಸ್ಟೆಲೇ ನಡೆದು ಬಂತು!

ಆಗ ನಾನು ಒಂದು ವಿಷಯ ಗಮನಿಸಿದೆ. ಬಂಗುಡೆ ಮೀನಿನ ಗಸಿ ಮಾಡಿದ ದಿನ ಅನ್ನದ ಪಾತ್ರೆ ಬೇಗ ಖಾಲಿ. ಎಂದರೆ, ಪದಾರ್ಥ ರುಚಿಯಾದಷ್ಟು ಅನ್ನ ಹೋಗುತ್ತದೆ. ಹಾಗಾದರೆ ರುಚಿಯನ್ನೇ ಕಡಿಮೆ ಮಾಡಿದರೆ? ಎಕನಾಮಿಕ್ಸ್‌ನಲ್ಲಿ ಇದಕ್ಕೆ ಡಿಮ್ಯಾಂಡ್ ಕಂಟ್ರೋಲ್ ಎನ್ನುತ್ತಾರೆ. ಇಲ್ಲದಿದ್ದರೆ ಎನ್ನಬೇಕು. ಅಂದು ಬಸಳೆಗೆ ತೆಂಗಿನಕಾಯಿ ಹಾಕಲಿಲ್ಲ, ಒಗ್ಗರಣೆ ಕೊಡಲಿಲ್ಲ, ಹುಣಸೆಹುಳಿ ಮಾತ್ರ ಕೈಬಿಚ್ಚಿ ಸುರಿದೆ. ಇವರು ಮೊದಲ ತುತ್ತು ಬಾಯಿಗಿಟ್ಟು ಗೋಡೆಯ ಮೇಲಿನ ದೇವರ ಪಟ ನೋಡಿದರು.

"ಅಜ್ಜಿ, ಸೂಪರ್!" ನಿಶಾನ್ ಕೂಗಿದ. "ರೆಸಿಪಿ ಚೇಂಜ್ ಮಾಡಿದ್ದಾ?"

"ಇನ್ನು ಹೀಗೇ ಮಾಡಿ ಅಜ್ಜಿ," ನಿಖಿಲನ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. "ಮೊದಲಿನದ್ದನ್ನು ನಾವು ಹೇಗೋ ಅಡ್ಜಸ್ಟ್ ಮಾಡ್ತಾ ಇದ್ದೆವು."

ಕರ್‌... ಕರ್‌... ಕರ್‌! ಇವರಿಗೆ ಆ ಹೊತ್ತಿಗೇ ಜೋರು ಕೆಮ್ಮು ಬಂದು ಹೊರಗೆ ಹೋಗಬೇಕಾಯಿತು. ಜಗಲಿಯಲ್ಲಿ ಬಹಳ ಹೊತ್ತು ನಕ್ಕ ಹಾಗೆ ಕೆಮ್ಮುತ್ತಿದ್ದರು.

ನಾವಿಬ್ಬರೂ ರಾತ್ರಿ "ಹಸಿವಿಲ್ಲ" ಎಂದು ಹೇಳಲು ಕಲಿತೆವು. ಮೊದಮೊದಲು ಬೇರೆ ಬೇರೆಯಾಗಿ ಹೇಳುತ್ತಿದ್ದೆವು, ಆಮೇಲೆ ಕೋರಸ್‌ನಲ್ಲಿ. ನನ್ನ ರವಿಕೆಗಳು ತಮ್ಮಷ್ಟಕ್ಕೆ ಲೂಸಾಗತೊಡಗಿದವು. ಆದರೂ ಹುಡುಗರು ಹೋಗುವುದು ಮಾತ್ರ ನನಗೆ ಬೇಡವಾಗಿತ್ತು. ಫ್ರಿಜ್ಜಿನ ಹಿಂದೆ ಒಣಗುವ ಒದ್ದೆ ಸಾಕ್ಸು, ಬಾಗಿಲಲ್ಲಿ ದೋಣಿಯಂಥ ಶೂಗಳು, ಗೇಟಿನಿಂದಲೇ "ಅಜ್ಜೀ, ಎಂತ ಉಂಟು?" ಎಂಬ ಕೂಗು. ಈ ಕೂಗಿಗೆ ಮನುಷ್ಯ ಬೇಗ ಒಗ್ಗಿಹೋಗುತ್ತಾನೆ. "ಎಂತದೂ ಇಲ್ಲ" ಎಂದರೂ ಅವರು ನಂಬುತ್ತಿರಲಿಲ್ಲ. ಅಷ್ಟು ನಂಬಿಕೆ!

ಆಟಿ, ಅಂದರೆ ತುಳುವರ ಆಷಾಢ, ಬಂತು. ಸುಜಾತ ಬಂದಿಳಿಯುವುದು ಸರಿಯಾಗಿ ಆಟಿ ಅಮಾವಾಸ್ಯೆಯ ಮಧ್ಯಾಹ್ನ ಎಂದು ಗೊತ್ತಾಯಿತು. ಆ ದಿನ ನಮ್ಮ ಕಡೆ ಮನೆಮನೆಯಲ್ಲೂ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಜಗತ್ತಿನ ಕಹಿಯನ್ನೆಲ್ಲ ಹಿಂಡಿ ಲೋಟಕ್ಕೆ ಹಾಕಿದಂಥ ಕಷಾಯ. ಜೀವಮಾನವಿಡೀ ಅದನ್ನು ಸೂಪರ್‌ಸ್ಟಿಷನ್ ಎಂದು ಗೇಲಿ ಮಾಡಿದವಳು ನಾನು. ಈ ಸಲ ನನಗೆ ಜ್ಞಾನೋದಯವಾಯಿತು. ಇಷ್ಟು ಕಹಿ ಕುಡಿದವನಿಗೆ ಊಟ ಸೇರುತ್ತದೆಯೇ? ತಾಯಿಯ ಎದುರು ಹುಡುಗರು ಎರಡು ತುತ್ತು ತಿಂದು "ಸಾಕು" ಎಂದರೆ ಮುಗಿಯಿತು. ಅಜ್ಜಿಯ ಮ್ಯಾನೇಜ್‌ಮೆಂಟ್‌ಗೆ ಜಯ!

"ಅದು ಹೊಟ್ಟೆ ಕ್ಲೀನ್ ಮಾಡುವ ಮದ್ದು ಮಾರಾಯ್ತಿ. ಹಸಿವು ಕೊಲ್ಲುವುದಲ್ಲ," ಎಂದರು ಇವರು.

"ನಿಮಗೆ ಸೈನ್ಸ್ ಗೊತ್ತಿಲ್ಲ. ತೊಗಟೆ ತನ್ನಿ."

ಸೂರ್ಯ ಹುಟ್ಟುವ ಮೊದಲು ಇವರು ಕೊಡೆ ಹಿಡಿದು ಗುಡ್ಡೆಗೆ ಹೋಗಿ, ಕ್ರಮದಂತೆ ಕಲ್ಲಿನಿಂದ ಜಜ್ಜಿ ತೊಗಟೆ ತಂದರು. ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ಅರೆದೆ. ಎಲ್ಲರೂ ಕುಡಿಯುವುದು ಒಂದೆರಡು ಗುಟುಕು. ನಾನು ಹುಡುಗರಿಗೆ ಕೊಟ್ಟದ್ದು ತಲಾ ಅರ್ಧ ಲೋಟ.

"ಇದು ಪನಿಶ್‌ಮೆಂಟಾ ಅಜ್ಜಿ?" ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ ನಿಶಾನ್.

"ಅಲ್ಲ. ಕಲ್ಚರ್!"

ಸ್ವಲ್ಪ ಹೊತ್ತಿನಲ್ಲೇ ಕಲ್ಚರ್ ತನ್ನ ಕೆಲಸ ಶುರುಮಾಡಿತು. ಟಾಯ್ಲೆಟ್ಟಿನ ಎದುರು ಸಹೋದರರ ಜಗಳ. ಬಾಗಿಲು ಬಡಿಯುವ ಸದ್ದು. ಆಮೇಲೆ ಶಾಂತಿ. ಕಷಾಯದ ಮೇಲೆ ಹೊಟ್ಟೆ ತಂಪಾಗಲೆಂದು ಕುಡಿಯುವ ಮೆಂತೆ ಗಂಜಿಯನ್ನು ಇಬ್ಬರೂ ಗೋಡೆಗೊರಗಿ ಕೂತು ಕುಡಿದರು. ಪಾತ್ರೆ ಪೂರ್ತಿ ಕುಡಿದರು ಎನ್ನುವುದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅಲ್ಲೇ ತಪ್ಪಿದೆ.

ಸುಜಾತಳಿಗೆ ಪತ್ರೊಡೆ ಎಂದರೆ ಪ್ರಾಣ. ವೇಣೂರಿನ ನಾದಿನಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೆಸುವಿನ ಎಲೆ ಕಳಿಸಿದ್ದಳು. ಎಲೆಗೆ ಅಕ್ಕಿಹಿಟ್ಟು ಹಚ್ಚಿ ಸುತ್ತಿ ಬೇಯಿಸಿ, ಪುಡಿ ಮಾಡಿ, ಬೆಲ್ಲ, ಕಾಯಿ ಹಾಕಿ ದೊಡ್ಡ ಬಾಣಲೆ ತುಂಬ ಒಗ್ಗರಣೆ ಕೊಟ್ಟೆ. ಅನ್ನ, ಸಾರು, ಪಲ್ಯ ಎಲ್ಲ ಮುಚ್ಚಿಟ್ಟು, ಮಗಳ ಎದುರು ಪ್ರೆಸೆಂಟೆಬಲ್ ಆಗಿರೋಣ ಎಂದು ಸ್ನಾನಕ್ಕೆ ಹೋದೆ. ಮೊದಲ ಚೆಂಬು ನೀರು ಮೈಗೆ ಬಿದ್ದಿತ್ತು, ಅಷ್ಟೇ.

ಕರ್‌!

ನಾನು ಸೀರೆ ಸುತ್ತಿಕೊಂಡು ಓಡಿ ಬಂದಾಗ ಹುಡುಗರು ಕೈ ತೊಳೆಯುತ್ತಿದ್ದರು. ಅನ್ನವಿಲ್ಲ, ಸಾರಿಲ್ಲ, ಪಲ್ಯವಿಲ್ಲ. ನಿಖಿಲನ ಮುಖದಲ್ಲಿ ದೈವದರ್ಶನವಾದವನ ಕಳೆ. "ಅಜ್ಜಿ, ಆ ಕಷಾಯ ಎಂಥ ಸಾಮಾನು! ಹೊಟ್ಟೆ ಹೊಸತು ಮಾಡಿಸಿದ ಹಾಗೆ ಆಯ್ತು. ಇಂಥ ಹಸಿವು ಲೈಫಲ್ಲೇ ಆಗಿರ್ಲಿಲ್ಲ. ನಾಳೆಯೂ ಕೊಡ್ತೀರಾ?"

ಆದರೆ ಸದ್ದು ನಿಂತಿರಲಿಲ್ಲ. ಕರ್‌... ಕರ್‌... ತಿರುಗಿ ನೋಡಿದರೆ ಇವರು! ಬಾಣಲೆಯೊಳಗೆ ಅರ್ಧ ಮುಳುಗಿ, ತಳಕ್ಕೆ ಹಿಡಿದ ಪತ್ರೊಡೆಯನ್ನು ಸೌಟಿನಿಂದ ಕೆರೆಯುತ್ತಿದ್ದಾರೆ. ಸರಿಯಾಗಿ ಆಗ ಬಾಗಿಲಲ್ಲಿ ಸುಜಾತ, ಕೈಯಲ್ಲಿ ಸೂಟ್‌ಕೇಸ್.

"ಪಪ್ಪಾ! ಎಂತ ಮಾಡ್ತಾ ಇದ್ದೀರಿ?"

"ಊಟ ಹುಡುಕ್ತಾ ಇದ್ದೇನೆ ಮಗಾ."

ಅವಳು ಅಪ್ಪನ ಜೋತುಬಿದ್ದ ಅಂಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಮ್ಮಾ, ಅದು ಯಾರ ರವಿಕೆ?"

"ನನ್ನದೇ!"

"ಹಾಗಾದ್ರೆ ನೀನು ಯಾರು?"

ಆ ಮಧ್ಯಾಹ್ನ ಮಗಳು ಊಟ ಮಾಡಿದ್ದು ಸೆವ್ರಿನ್ ಬಾಯಿಯ ಮನೆಯಲ್ಲಿ. ನಾವೂ ಹೋದೆವು. ನಾಚಿಕೆಯಾಗಲಿಲ್ಲ, ಅಷ್ಟು ಹಸಿವಾಗಿತ್ತು. ಸಂಜೆಯೊಳಗೆ ಹಾಸ್ಟೆಲಿನ ಸೀಟು ಗಟ್ಟಿಯಾಯಿತು. ಲೋಕದಲ್ಲಿ ಎಲ್ಲ ಮಕ್ಕಳೂ ಹಾಸ್ಟೆಲಿಗೆ ಹೋದರೆ ಅಜ್ಜಿಯರು "ಅಯ್ಯೋ, ಮಕ್ಕಳಿಗೆ ಊಟ ಸಾಲದು" ಎಂದು ಅಳುತ್ತಾರೆ. ನಮ್ಮ ಮಕ್ಕಳು ಹೋದದ್ದು ಅಜ್ಜ ಅಜ್ಜಿಗೆ ಊಟ ಸಾಲದೆ! ನಾನು ಗೇಟಿನ ತನಕ ಹೋಗಿ, ಮಳೆಯ ಹನಿ ಎಂದು ಹೇಳಿ ಕಣ್ಣೊರೆಸಿಕೊಂಡೆ. ಮಳೆ ಬರುತ್ತಿರಲಿಲ್ಲ.

ನಿಖಿಲನನ್ನು ಕಡೆಯ ಸಲ ನೋಡಿದ್ದು ಮೊನ್ನೆಯ ಆಟಿಯಲ್ಲಿ. ಈಗ ಅವನು ಇಂಜಿನಿಯರಿಂಗ್, ಜೊತೆಗೆ ಜಿಮ್. ಬರುತ್ತೇನೆಂದು ಫೋನ್ ಮಾಡಿದ್ದ. ನಾನು ಹಳೆಯ ದೊಡ್ಡ ಬಾಣಲೆಯನ್ನೇ ಇಳಿಸಿ ಅದರ ತುಂಬ ಪತ್ರೊಡೆ ಮಾಡಿದೆ. ಗೇಟಿನಿಂದ ಕೂಗು ಕೇಳಲೆಂದು ಮಿಕ್ಸಿಯನ್ನೂ ಆಫ್ ಮಾಡಿ ನಿಂತಿದ್ದೆ. ಅವನು ಕೂಗಲಿಲ್ಲ. ಕಾಲಿಂಗ್ ಬೆಲ್ ಒತ್ತಿದ.

ಒಂದು ಚಮಚ ಪತ್ರೊಡೆ ತಿಂದ. "ಸಾಕು ಅಜ್ಜಿ. ಅಕ್ಕಿ, ಬೆಲ್ಲ ಎಲ್ಲ ಬಿಟ್ಟಿದ್ದೇನೆ. ಡಯಟ್." ಬ್ಯಾಗಿನಿಂದ ತನ್ನದೇ ಡಬ್ಬಿ ತೆಗೆದು, ಬೇಯಿಸಿದ ಮೊಟ್ಟೆಯ ಬಿಳಿ ಮಾತ್ರ ತಿಂದು, ನನ್ನ ಹೆಗಲು ತಟ್ಟಿ, ಬೈಕ್ ಹತ್ತಿದ. ತಿರುಗಿ ಕೈ ಬೀಸಿದ್ದೂ ಉಂಟು.

ಒಳಗೆ ಬಂದು ಬಾಣಲೆಗೆ ಸೌಟು ಹಾಕಿದೆ. ತಳ ಸಿಗಲಿಲ್ಲ, ಸದ್ದೂ ಬರಲಿಲ್ಲ. ಸಿಸ್ಟರ್ ಇದ್ದಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

"ನೋಡು ಮಾರಾಯ್ತಿ," ಎಂದರು ಇವರು, ತಟ್ಟೆ ಹಿಡಿದು ಮುಂದೆ ಬರುತ್ತಾ, "ಸ್ವಲ್ಪ ತಡವಾದರೂ ನಿನ್ನ ಕಷಾಯ ಕೆಲಸ ಮಾಡಿತು!"